‘ಡು ಯು ಮೈಂಡ್?’ ಎಂದು ಕೇಳಿದಾಗ ಏನು ಹೇಳಬೇಕು? ಕೊಡಗಿನಲ್ಲಿ ಅತಿಥಿಗಳ ನಡುವೆ ಕೆಲಸ ಮಾಡುವವರಿಗೊಂದು ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಸುತ್ತಲಿನ ಹೋಂಸ್ಟೇಗಳಲ್ಲಿ ಕೆಲಸ ಮಾಡುವವರು, ಮಾಂದಲಪಟ್ಟಿಗೆ ಜೀಪು ಓಡಿಸುವವರು, ಜೇನು ಮತ್ತು ಕರಿಮೆಣಸು ಮಾರುವ ಅಂಗಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಅತಿಥಿ ‘ಡು ಯು ಮೈಂಡ್?’ ಎಂದು ಶುರುಮಾಡಿದರೆ ‘ಯೆಸ್’ ಎನ್ನಬೇಕೇ, ‘ನೋ’ ಎನ್ನಬೇಕೇ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಬಾಗಿಲ ಮೇಲಿನ ಫಲಕದಲ್ಲಿ ‘ಮೈಂಡ್ ಯುವರ್ ಹೆಡ್’ ಎಂದಿರುತ್ತದೆ, ಸಿಟ್ಟು ಬಂದವರು ‘ಮೈಂಡ್ ಯುವರ್ ಓನ್ ಬಿಸಿನೆಸ್’ ಎನ್ನುತ್ತಾರೆ, ಮಗುವನ್ನು ಬಿಟ್ಟು ಹೋಗುವ ತಾಯಿ ‘ಕುಡ್ ಯು ಮೈಂಡ್ ದ ಬೇಬಿ?’ ಎನ್ನುತ್ತಾಳೆ. ಇವೆಲ್ಲ ಒಂದೇ ಪದವೇ?

ಹೌದು, ಒಂದೇ ಪದ. ಇದು ಸಣ್ಣ ವಿಷಯ ಎಂದು ತಳ್ಳಿಹಾಕುವವರಿಗೆ ನನ್ನ ಒಂದು ಅನುಭವ ಹೇಳಬೇಕು. ಬಹಳ ವರ್ಷಗಳ ಹಿಂದೆ ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗುವ ಬಸ್ಸಿನಲ್ಲಿ ವಿದೇಶದ ಒಬ್ಬ ವಯಸ್ಸಾದ ಹೆಂಗಸು ನನ್ನ ಪಕ್ಕದ ಖಾಲಿ ಸೀಟನ್ನು ತೋರಿಸಿ ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದು ಕೇಳಿದರು. ನಾನು ಸಂತೋಷದಿಂದಲೇ ‘ಯೆಸ್’ ಎಂದೆ. ಅವರು ಕ್ಷಮೆ ಕೇಳಿ ಹಿಂದಕ್ಕೆ ಹೋದರು. ಘಟ್ಟದ ತಿರುವುಗಳಲ್ಲಿ ಕಂಬಿ ಹಿಡಿದು ನಿಂತೇ ಬಂದರು. ಅವರು ಕೇಳಿದ್ದೇನು, ನಾನು ಹೇಳಿದ್ದೇನು ಎಂಬುದು ನನಗೆ ತಿಳಿದದ್ದು ಇಳಿದ ಮೇಲೆ. ಬೇರೆ ಯಾರಿಗೂ ಹೀಗಾಗಬಾರದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಶುರುಮಾಡುವ ಮುನ್ನ ಏನೇನು ಬೇಕು

ಒಂದು ಪುಟ್ಟ ನೋಟ್‌ಪುಸ್ತಕ, ಧ್ವನಿ ಮುದ್ರಿಸಿಕೊಳ್ಳಬಲ್ಲ ಮೊಬೈಲ್, ಜೊತೆಗೆ ಮಾತಾಡಲು ಒಬ್ಬ ಸಂಗಾತಿ. ಅದು ಮನೆಯವರಾಗಲಿ, ಸಹೋದ್ಯೋಗಿಯಾಗಲಿ, ಶಾಲೆಗೆ ಹೋಗುವ ಮಗಳಾಗಲಿ ನಡೆಯುತ್ತದೆ. ವ್ಯಾಕರಣದ ಎರಡು ಪದಗಳು ಸಾಕು. ವಸ್ತು, ವ್ಯಕ್ತಿ ಅಥವಾ ಭಾವವನ್ನು ಹೆಸರಿಸುವುದು ನಾಮಪದ. ಕೆಲಸವನ್ನು ಹೇಳುವುದು ಕ್ರಿಯಾಪದ. ‘ಮೈಂಡ್’ ಎರಡೂ ಆಗುತ್ತದೆ, ಗೊಂದಲದ ಅರ್ಧ ಪಾಲು ಅಲ್ಲೇ ಇದೆ.

ಹಂತ 1: ಪದದ ಬೇರನ್ನು ಹಿಡಿಯಿರಿ

ನಮ್ಮ ‘ಮನಸ್ಸು’ ಮತ್ತು ಇಂಗ್ಲಿಷಿನ ‘ಮೈಂಡ್’ ದೂರದ ಬಂಧುಗಳು. ಕನ್ನಡ ದ್ರಾವಿಡ ಭಾಷೆಯಾದರೂ ‘ಮನಸ್ಸು’, ‘ಮತಿ’, ‘ಮನನ’ ಎಂಬ ಪದಗಳನ್ನು ಸಂಸ್ಕೃತದಿಂದ ಪಡೆದಿದೆ. ಸಂಸ್ಕೃತ ಮತ್ತು ಇಂಗ್ಲಿಷ್ ಎರಡೂ ಒಂದೇ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವು. ಯೋಚಿಸುವುದನ್ನು ಸೂಚಿಸುವ ಒಂದೇ ಪುರಾತನ ಧಾತುವಿನಿಂದ ಎರಡೂ ಕಡೆ ಈ ಪದಗಳು ಹುಟ್ಟಿವೆ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮುಖ್ಯ ಅರ್ಥ ‘ನೆನಪು’. ‘ನೆನಪಿಸು’ ಎಂಬ ಅರ್ಥದ ‘ರಿಮೈಂಡ್’ನಲ್ಲಿ ಆ ಹಳೆಯ ಅರ್ಥ ಇಂದಿಗೂ ಜೀವಂತವಾಗಿದೆ. ಸ್ಕಾಟ್ಲೆಂಡಿನವರು ‘ನಿನಗೆ ನೆನಪಿದೆಯೇ?’ ಎನ್ನಲು ಇಂದಿಗೂ ‘ಮೈಂಡ್’ ಬಳಸುತ್ತಾರೆ. ಅಂಥ ಅತಿಥಿ ಕಳೆದ ವರ್ಷದ ತಮ್ಮ ಭೇಟಿಯ ಬಗ್ಗೆ ‘ಡು ಯು ಮೈಂಡ್...’ ಎಂದರೆ ಅವರು ಅನುಮತಿ ಕೇಳುತ್ತಿರಲಿಕ್ಕಿಲ್ಲ.

ಹಾಗಾದರೆ ಈ ಕ್ರಿಯಾಪದದ ಒಳಗಿರುವುದು ‘ಮನಸ್ಸಿಡು’ ಎಂಬ ಒಂದೇ ಕೆಲಸ. ಮೆಟ್ಟಿಲ ಮೇಲೆ ಮನಸ್ಸಿಟ್ಟರೆ ಎಚ್ಚರ. ಮಗುವಿನ ಮೇಲೆ ಮನಸ್ಸಿಟ್ಟರೆ ಆರೈಕೆ. ಇನ್ನೊಬ್ಬರು ಮಾಡಿದ ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡರೆ ಬೇಸರ, ಆಕ್ಷೇಪ. ಈ ಕೊನೆಯದು ಬಹಳ ಜನರಿಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ‘ಏನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ನಾವು ಹೇಳುವುದಿಲ್ಲವೇ? ‘ಡೋಂಟ್ ಮೈಂಡ್’ ಎಂಬುದರ ಕನ್ನಡ ಅದೇ.

ಹಂತ 2: ಮೊದಲು ‘ನೋಡಿಕೊ’ ಎಂಬ ಕೀಲಿಯನ್ನು ಹಾಕಿ ನೋಡಿ

ಹಲವು ನಿಘಂಟುಗಳು ‘ಮೈಂಡ್’ ಕ್ರಿಯಾಪದಕ್ಕೆ ಗಮನಿಸು, ಲಕ್ಷ್ಯಕೊಡು, ಪಾಲಿಸು, ಜಾಗರೂಕನಾಗಿರು ಎಂದು ಸಾಲು ಸಾಲು ಅರ್ಥ ಕೊಡುತ್ತವೆ. ಅವನ್ನು ಬಾಯಿಪಾಠ ಮಾಡುವುದು ಬೇಡ. ನಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ‘ನೋಡಿಕೊ’ ಒಂದೇ ಸಾಕು. ಅದೂ ‘ಮೈಂಡ್’ನಂತೆಯೇ ಹಲವು ದಿಕ್ಕಿಗೆ ಹೊರಳುವ ಪದ.

‘ಮೈಂಡ್ ದ ಸ್ಟೆಪ್’: ಮೆಟ್ಟಿಲಿದೆ, ನೋಡಿಕೊಂಡು ಬನ್ನಿ.
‘ಮೈಂಡ್ ಯುವರ್ ಹೆಡ್’: ಬಾಗಿಲು ತಗ್ಗಾಗಿದೆ, ತಲೆ ನೋಡಿಕೊಳ್ಳಿ.
‘ಕುಡ್ ಯು ಮೈಂಡ್ ದ ಬೇಬಿ?’: ಸ್ವಲ್ಪ ಹೊತ್ತು ಮಗುವನ್ನು ನೋಡಿಕೊಳ್ಳುತ್ತೀರಾ?
‘ಹೂ ಈಸ್ ಮೈಂಡಿಂಗ್ ದ ಶಾಪ್?’: ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?
‘ಮೈಂಡ್ ಯು ಲಾಕ್ ದ ಗೇಟ್’: ಗೇಟಿಗೆ ಬೀಗ ಹಾಕುವುದನ್ನು ಮರೆಯದೆ ನೋಡಿಕೊ.
‘ಮೈಂಡ್ ಯುವರ್ ಓನ್ ಬಿಸಿನೆಸ್’: ನಿನ್ನ ಕೆಲಸ ನೀನು ನೋಡಿಕೊ.

ಕೊನೆಯ ವಾಕ್ಯವನ್ನು ಗಮನಿಸಿ. ಕನ್ನಡದಲ್ಲಿ ಅದು ಎಷ್ಟು ಒರಟೋ ಇಂಗ್ಲಿಷಿನಲ್ಲೂ ಅಷ್ಟೇ ಒರಟು. ಅತಿಥಿಗೆ ಎಂದೂ ಹೇಳಬಾರದು. ಆದರೆ ‘ಐ ವಾಸ್ ಮೈಂಡಿಂಗ್ ಮೈ ಓನ್ ಬಿಸಿನೆಸ್’ ಎಂದು ತನ್ನ ಬಗ್ಗೆಯೇ ಹೇಳಿಕೊಂಡರೆ ಅದರಲ್ಲಿ ಒರಟುತನವಿಲ್ಲ: ‘ನನ್ನ ಪಾಡಿಗೆ ನಾನಿದ್ದೆ’ ಎಂದಷ್ಟೇ.

ಫಲಕ ಬರೆಸುವವರಿಗೆ ಇಲ್ಲೇ ಒಂದು ಮಾತು. ‘ಮೈಂಡ್’ ಮೆದುವಾದ ಎಚ್ಚರಿಕೆ. ತಲೆ ತಾಗುವ ಬಾಗಿಲು, ಒಂದು ಹೆಚ್ಚುವರಿ ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದ ಕಲ್ಲು, ಇಂಥವಕ್ಕೆ ಅದು ಸರಿ. ತೋಟದ ಅಂಚಿಗೆ ಆನೆ ಬರುವ ಜಾಗದಲ್ಲಿ, ಜಲಪಾತದ ಬುಡದ ಸುಳಿಯಲ್ಲಿ, ವಿದ್ಯುತ್ ಬೇಲಿಯ ಹತ್ತಿರ ದಯವಿಟ್ಟು ಈ ಪದವನ್ನು ಬಳಸಬೇಡಿ. ಅಲ್ಲಿ ‘ಡೇಂಜರ್’ ಎಂದೇ ಬರೆಸಿ. ಕನ್ನಡದ ಜೊತೆ ಮಲಯಾಳ ಮತ್ತು ತಮಿಳಿನಲ್ಲೂ ಬರೆಸಿ, ಏಕೆಂದರೆ ನಮ್ಮಲ್ಲಿಗೆ ಬರುವ ಎಷ್ಟೋ ಕುಟುಂಬಗಳಲ್ಲಿ ಅಜ್ಜ ಅಜ್ಜಿಯರು ಇಂಗ್ಲಿಷ್ ಓದುವುದಿಲ್ಲ. ಅಮೆರಿಕದವರು ಇಂಥ ಕಡೆ ‘ಮೈಂಡ್’ಗಿಂತ ‘ವಾಚ್’ ಎನ್ನುವುದೇ ಹೆಚ್ಚು: ‘ವಾಚ್ ಯುವರ್ ಸ್ಟೆಪ್’. ಅರ್ಥ ಒಂದೇ, ಕೈಗಡಿಯಾರಕ್ಕೂ ಅದಕ್ಕೂ ಸಂಬಂಧ ಹುಡುಕಬೇಡಿ.

‘ಮೈಂಡ್ ದ ಗ್ಯಾಪ್’ ಎಂಬ ಮಾತಿನ ಬಗ್ಗೆಯೂ ಕೇಳುತ್ತಾರೆ. ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲದ ಕಾರಣ ಅದು ನಮ್ಮ ಕಿವಿಗೆ ಬಿದ್ದಿಲ್ಲ. ಲಂಡನ್ನಿನ ಸುರಂಗ ರೈಲಿನಲ್ಲಿ 1968ರ ಸುಮಾರಿಗೆ ಶುರುವಾದ ಪ್ರಕಟಣೆ ಅದು. ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವೆ ಸಂದಿಯಿದೆ, ಕಾಲು ನೋಡಿಕೊಳ್ಳಿ ಎಂದರ್ಥ. ದೆಹಲಿ ಮೆಟ್ರೋದಲ್ಲೂ ಕೇಳುತ್ತದೆ. ಲಂಡನ್ನಿನ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟರ ಧ್ವನಿಯಲ್ಲಿ ಇದು ಬಹುಕಾಲ ಕೇಳಿಬರುತ್ತಿತ್ತು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಆ ಧ್ವನಿ ಕೇಳಲೆಂದೇ ಅಲ್ಲಿಗೆ ಹೋಗುತ್ತಿದ್ದರು. ಹೊಸ ವ್ಯವಸ್ಥೆ ಬಂದು ಧ್ವನಿ ನಿಂತಾಗ ಅವರು ವಿನಂತಿಸಿದರು, 2013ರಲ್ಲಿ ಆ ನಿಲ್ದಾಣದಲ್ಲಿ ಹಳೆಯ ಧ್ವನಿಯನ್ನೇ ಮರಳಿ ತಂದರು. ಆ ಪದದ ಮೊದಲ ಅರ್ಥ ನೆನಪು ಎಂಬುದು ಇದನ್ನು ಓದಿದಾಗಲೆಲ್ಲ ನನಗೆ ತಪ್ಪದೆ ಹೊಳೆಯುತ್ತದೆ.

ಹಂತ 3: ‘ನೋಡಿಕೊ’ ಕೂಡದಿದ್ದರೆ ‘ಅಡ್ಡಿ’ ಹಾಕಿ

ಎಲ್ಲರಿಗೂ ತೊಂದರೆ ಕೊಡುವ ಜಾಗ ಇದು, ಆದ್ದರಿಂದ ನಿಧಾನವಾಗಿ ಓದಿ.

ವಾಕ್ಯದಲ್ಲಿ ‘ಡು ಯು’ ಅಥವಾ ‘ವುಡ್ ಯು’ ಮುಂದೆ ‘ಮೈಂಡ್’ ಬಂದರೆ ಅದನ್ನು ಮನಸ್ಸಿನಲ್ಲೇ ‘ನಿಮಗೆ ಅಡ್ಡಿಯೇ?’ ಎಂದು ಕನ್ನಡ ಮಾಡಿಕೊಳ್ಳಿ. ‘ಸರಿಯೇ?’ ಎಂದು ಮಾಡಿಕೊಳ್ಳಬೇಡಿ, ತಪ್ಪು ಹುಟ್ಟುವುದೇ ಅಲ್ಲಿ. ನಾನು ಬಸ್ಸಿನಲ್ಲಿ ಮಾಡಿದ್ದೂ ಅದನ್ನೇ. ‘ಕೂತರೆ ಸರಿಯೇ?’ ಎಂದು ಕೇಳಿಸಿಕೊಂಡು ‘ಯೆಸ್’ ಎಂದೆ. ‘ಕೂತರೆ ಅಡ್ಡಿಯೇ?’ ಎಂದು ಕೇಳಿಸಿಕೊಂಡಿದ್ದರೆ ಬಾಯಿಗೆ ತಾನಾಗಿ ಬರುತ್ತಿದ್ದ ಉತ್ತರ ‘ಇಲ್ಲ, ಕೂತುಕೊಳ್ಳಿ’.

ಅಂದರೆ ಒಪ್ಪಿಗೆ ಇದ್ದರೆ ‘ನೋ’. ಅಡ್ಡಿ ಇದ್ದರೆ ‘ಯೆಸ್’.

ಆದರೆ ಬರೀ ಒಂದು ಪದದಲ್ಲಿ ಎಂದೂ ಉತ್ತರಿಸಬೇಡಿ. ಇಂಗ್ಲಿಷ್ ಮಾತೃಭಾಷೆಯವರೇ ಎಷ್ಟೋ ಸಲ ‘ಯೆಸ್, ಶೂರ್, ಗೋ ಅಹೆಡ್’ ಎಂದು ಒಪ್ಪಿಗೆ ಕೊಡುತ್ತಾರೆ. ಮೊದಲ ಪದ ತರ್ಕಕ್ಕೆ ಕೂಡದಿದ್ದರೂ ಮುಂದಿನ ಎರಡು ಪದಗಳು ಮತ್ತು ಮುಖದ ನಗು ಅರ್ಥವನ್ನು ಕಾಯುತ್ತವೆ. ನೀವು ಹೀಗೆ ಹೇಳಿ:

ಒಪ್ಪಿಗೆ ಇದ್ದರೆ: ‘ನಾಟ್ ಅಟ್ ಆಲ್, ಪ್ಲೀಸ್ ಸಿಟ್.’
ಅಡ್ಡಿ ಇದ್ದರೆ: ‘ಐ ಆಮ್ ಸಾರಿ, ಪ್ಲೀಸ್ ಡೋಂಟ್’, ಅದರ ಹಿಂದೆಯೇ ಕಾರಣ.

ಅತಿಥಿ ಕಾಫಿ ಕಣದಲ್ಲಿ ಬೆಂಕಿ ಹಾಕಬಹುದೇ ಎಂದು ‘ಡು ಯು ಮೈಂಡ್ ಇಫ್ ವಿ ಲೈಟ್ ಎ ಫೈರ್ ಹಿಯರ್?’ ಎಂದು ಕೇಳಿದರೆಂದುಕೊಳ್ಳಿ. ಕಣದ ತುಂಬ ಒಣಗಲು ಹಾಕಿದ ಕಾಫಿ ಇದೆ. ನೀವು ‘ಬೇಡ’ ಎಂಬ ಅರ್ಥದಲ್ಲಿ ‘ನೋ, ನೋ’ ಎಂದರೆ ಅವರ ಕಿವಿಗೆ ಅದು ಸಂತೋಷದ ಒಪ್ಪಿಗೆ. ಎರಡು ಸಲ ಹೇಳಿದ್ದರಿಂದ ಇನ್ನೂ ಹೆಚ್ಚಿನ ಒಪ್ಪಿಗೆ! ವರ್ಷದ ಫಸಲು ಅಲ್ಲಿ ಹರಡಿರುವಾಗ ಇಷ್ಟು ದೊಡ್ಡ ಅಪಾಯ ಬೇಕೇ? ‘ಸಾರಿ, ನಾಟ್ ಹಿಯರ್’ ಎಂದು ಹೇಳಿ, ಬೆಂಕಿ ಹಾಕಬಹುದಾದ ಜಾಗವನ್ನು ಕೈತೋರಿಸಿ.

*ಎಚ್ಚರಿಕೆ:* ಪ್ರಶ್ನೆಯೇ ‘ಡೋಂಟ್ ಯು ಮೈಂಡ್?’ ಎಂದು ಬಂದರೆ ಕನ್ನಡದ ಅಭ್ಯಾಸ ನಮ್ಮನ್ನು ಎಡವಿಸುತ್ತದೆ. ‘ನಿಮಗೆ ಅಡ್ಡಿ ಇಲ್ಲವೇ?’ ಎಂದು ಕೇಳಿದರೆ ನಾವು ‘ಹೌದು, ಅಡ್ಡಿ ಇಲ್ಲ’ ಎಂದು ಕೇಳಿದವರ ಮಾತನ್ನು ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ‘ಯೆಸ್’ ಒಪ್ಪುವುದು ಕೇಳಿದವರ ಮಾತನ್ನಲ್ಲ, ಸಂಗತಿಯನ್ನು. ಅಡ್ಡಿ ಇಲ್ಲದಿದ್ದರೆ ಪ್ರಶ್ನೆ ಹೇಗೇ ಬರಲಿ ಉತ್ತರ ‘ನೋ, ಐ ಡೋಂಟ್’.

ಹಂತ 4: ಕೆಲಸ ಯಾರದು ಎಂದು ಕೇಳಿಸಿಕೊಳ್ಳಿ

‘ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?’ ಎಂದರೆ ಕಿಟಕಿ ತೆರೆಯಬೇಕಾದವರು ನೀವು. ‘ವುಡ್ ಯು ಮೈಂಡ್ ಇಫ್ ಐ ಓಪನ್ಡ್ ದ ವಿಂಡೋ?’ ಎಂದರೆ ತೆರೆಯುವವರು ಅವರು. ಮೊದಲನೆಯದು ಕೋರಿಕೆ, ಎರಡನೆಯದು ಅನುಮತಿ.

ಜೀಪು ಓಡಿಸುವವರು ಮೊದಲನೆಯದನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ‘ವುಡ್ ಯು ಮೈಂಡ್ ಸ್ಲೋಯಿಂಗ್ ಡೌನ್?’ ಎಂಬುದು ನಿಮ್ಮ ಅಭಿಪ್ರಾಯ ಕೇಳುವ ಪ್ರಶ್ನೆಯಲ್ಲ. ‘ದಯವಿಟ್ಟು ನಿಧಾನ ಮಾಡಿ’ ಎಂಬುದರ ಮರ್ಯಾದೆಯ ರೂಪ ಅದು. ಹಿಂದೆ ಕುಳಿತವರು ಹೆದರಿದ್ದಾರೆ. ಮೊದಲು ಬ್ರೇಕ್ ಒತ್ತಿ, ಆಮೇಲೆ ‘ಆಫ್ ಕೋರ್ಸ್’ ಎನ್ನಿ.

ನೀವೇ ಕೇಳುವಾಗ ಎರಡು ತಪ್ಪುಗಳನ್ನು ತಪ್ಪಿಸಿ. ‘ವುಡ್ ಯು ಮೈಂಡ್ ಟು ವೇಟ್?’ ಎನ್ನಬೇಡಿ, ‘ವುಡ್ ಯು ಮೈಂಡ್ ವೇಟಿಂಗ್?’ ಎನ್ನಿ. ಈ ಪದ ಆದ ಮೇಲೆ ಬರುವ ಕೆಲಸಕ್ಕೆ ‘ಇಂಗ್’ ಬಾಲ ಬೇಕು. ಎರಡನೆಯದು, ‘ವುಡ್ ಯು ಮೈಂಡ್ ಇಫ್ ಐ’ ಎಂದಮೇಲೆ ‘ಓಪನ್’ ಅಲ್ಲ, ‘ಓಪನ್ಡ್’. ಇನ್ನೂ ಆಗದ ಕೆಲಸಕ್ಕೆ ಭೂತಕಾಲವೇಕೆ ಎಂದು ಕೇಳುವವರಿದ್ದಾರೆ. ಕನ್ನಡವನ್ನೇ ನೋಡಿ: ‘ನಾನು ಕಿಟಕಿ ತೆರೆದರೆ’, ‘ನಾಳೆ ಮಳೆ ಬಂದರೆ’. ತೆರೆದ, ಬಂದ ಎಂಬ ಆಗಿಹೋದ ಕೆಲಸದ ರೂಪಕ್ಕೇ ನಾವು ‘ರೆ’ ಸೇರಿಸುತ್ತೇವೆ. ನಮಗೆ ಇದು ಹೊಸತೇನಲ್ಲ. ‘ಡು ಯು ಮೈಂಡ್ ಇಫ್ ಐ’ ಎಂದಾಗ ಮಾತ್ರ ಮಾಮೂಲಿ ‘ಓಪನ್’ ಸಾಕು.

ಹಂತ 5: ಊಟದ ಮೇಜಿನ ಹತ್ತಿರ ಎರಡು ಪಟ್ಟು ಎಚ್ಚರ

ನೂಲ್‌ಪುಟ್ಟು ಕೊಡಲೋ, ಕಡಂಬುಟ್ಟು ಕೊಡಲೋ ಎಂದು ಕೇಳುತ್ತೀರಿ. ಅತಿಥಿ ‘ಐ ಡೋಂಟ್ ಮೈಂಡ್’ ಎನ್ನುತ್ತಾರೆ. ‘ಡೋಂಟ್’ ಕೇಳಿದ ಕೂಡಲೇ ಬೇಡವೆಂದುಕೊಂಡು ತಟ್ಟೆ ಹಿಂದಕ್ಕೆ ಒಯ್ಯಬೇಡಿ. ‘ಯಾವುದಾದರೂ ಆದೀತು’ ಎಂದಷ್ಟೇ ಅದರ ಅರ್ಥ.

‘ಐ ವುಡಂಟ್ ಮೈಂಡ್ ಅನದರ್ ಕಾಫಿ’ ಇನ್ನೂ ಕಷ್ಟದ್ದು. ಅದರಲ್ಲಿ ‘ಅಲ್ಲ’ ಎಂಬ ದನಿ ಇದ್ದರೂ ಹೇಳುತ್ತಿರುವುದು ‘ಇನ್ನೊಂದು ಲೋಟ ಕಾಫಿ ಸಿಕ್ಕರೆ ಬಹಳ ಸಂತೋಷ’ ಎಂದು. ಕೇಳಲು ಸಂಕೋಚಪಡುವವರು ಹೀಗೆ ಸುತ್ತಿ ಕೇಳುತ್ತಾರೆ. ನಮ್ಮ ನೆಂಟರೂ ‘ಇನ್ನೊಂದು ಲೋಟವಾದರೆ ಅಡ್ಡಿಯಿಲ್ಲ’ ಎನ್ನುತ್ತಾರಲ್ಲ, ಹಾಗೆಯೇ.

ಪಂದಿ ಕರಿಯ ವಿಷಯ ಬೇರೆ. ಅದನ್ನು ಬಡಿಸುವ ಮೊದಲು ಕೇಳಲೇಬೇಕು, ಆದರೆ ‘ಡು ಯು ಮೈಂಡ್ ಪೋರ್ಕ್?’ ಎಂದು ಕೇಳಬೇಡಿ. ‘ಯೆಸ್’ ಬಂದರೂ ‘ನೋ’ ಬಂದರೂ ನಿಮಗೆ ಅನುಮಾನ ಉಳಿಯುತ್ತದೆ. ಅತಿಥಿಯೂ ನಮ್ಮಂತೆಯೇ ಇಂಗ್ಲಿಷನ್ನು ಕಲಿತು ಮಾತಾಡುವವರಾದರೆ ಇಬ್ಬರ ಅನುಮಾನವೂ ಸೇರಿಕೊಳ್ಳುತ್ತದೆ. ಧರ್ಮ, ವ್ರತ, ಆರೋಗ್ಯದ ಪ್ರಶ್ನೆ ಇರುವಲ್ಲಿ ನೇರವಾಗಿ ‘ಡು ಯು ಈಟ್ ಪೋರ್ಕ್?’ ಎನ್ನಿ. ಇಲ್ಲಿ ನಯಕ್ಕಿಂತ ಸ್ಪಷ್ಟತೆ ದೊಡ್ಡದು.

‘ಐ ಡೋಂಟ್ ಮೈಂಡ್’ ಬದಲು ‘ಐ ಡೋಂಟ್ ಕೇರ್’ ಎಂದೂ ಹೇಳಬೇಡಿ. ಎರಡೂ ಒಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಮೊದಲನೆಯದು ‘ನನಗೇನೂ ಅಡ್ಡಿಯಿಲ್ಲ’, ಎರಡನೆಯದು ಬಹಳ ಸಲ ‘ನನಗೇನು ಬೇಕಾಗಿದೆ!’ ಎಂದು ಕೇಳಿಸುತ್ತದೆ.

ಹಂತ 6: ‘ನೆವರ್ ಮೈಂಡ್’ ಕೇಳಿದರೆ ಅಲ್ಲಿಂದ ಹೋಗಬೇಡಿ

ನಿಮ್ಮ ಕೈಯಿಂದ ಲೋಟ ಬಿದ್ದು ಒಡೆದಾಗ ಅತಿಥಿ ‘ನೆವರ್ ಮೈಂಡ್’ ಎಂದರೆ ಅದು ‘ಹೋಗಲಿ ಬಿಡಿ, ಪರವಾಗಿಲ್ಲ’ ಎಂಬ ಸಮಾಧಾನ. ಆದರೆ ಅವರು ಏನೋ ಕೇಳಿ, ನಿಮಗೆ ಅರ್ಥವಾಗದೆ, ಎರಡನೇ ಸಲ ಕೇಳಿ, ಆಮೇಲೆ ‘ನೆವರ್ ಮೈಂಡ್’ ಎಂದರೆ ಅವರು ಕೈಚೆಲ್ಲಿದ್ದಾರೆ ಎಂದರ್ಥ. ಕೇಳಿದ್ದು ಸಕ್ಕರೆಯಾಗಿದ್ದರೆ ಚಿಂತೆಯಿಲ್ಲ, ಮಗುವಿನ ಜ್ವರಕ್ಕೆ ಔಷಧವಾಗಿದ್ದರೆ? ‘ಪ್ಲೀಸ್ ಟೆಲ್ ಮಿ ಅಗೇನ್’ ಎನ್ನಿ. ಮೊಬೈಲ್ ಕೊಟ್ಟು ಬರೆದು ತೋರಿಸಲು ಹೇಳಿ. ಮನೆಯಲ್ಲಿ ಇಂಗ್ಲಿಷ್ ಬಲ್ಲವರನ್ನು ಕರೆಯಿರಿ. ಅರ್ಥವಾಗದಿರುವುದು ತಪ್ಪಲ್ಲ, ಅರ್ಥವಾಗದೆ ನಕ್ಕು ಹೊರಟುಹೋಗುವುದು ತಪ್ಪು.

‘ಥ್ಯಾಂಕ್ ಯು’ ಎಂದವರಿಗೆ ನೀವು ‘ನೆವರ್ ಮೈಂಡ್’ ಎನ್ನುವುದು ಸರಿಹೊಂದುವುದಿಲ್ಲ. ‘ಯು ಆರ್ ವೆಲ್‌ಕಮ್’ ಸಾಕು.

ಹಂತ 7: ಚಿಲ್ಲರೆ ಬಳಕೆಗಳು

‘ಮೈಂಡ್ ಯು’ ಎಂದು ಮಾತಿನ ನಡುವೆ ಬಂದರೆ ಅದು ಬೆದರಿಕೆಯಲ್ಲ. ‘ಕೋಣೆ ತಣ್ಣಗಿತ್ತು. ಮೈಂಡ್ ಯು, ಊಟ ಬಹಳ ಚೆನ್ನಾಗಿತ್ತು’ ಎಂದು ಯಾರಾದರೂ ಬರೆದರೆ ‘ಆದರೂ ಇದನ್ನು ಹೇಳಬೇಕು ನೋಡಿ’ ಎಂದರ್ಥ. ಇಲ್ಲೂ ನಮ್ಮ ‘ನೋಡಿ’ಯೇ ಕೀಲಿ.

‘ಮೈಂಡ್ ಇಟ್’ ಎಂದು ನಮ್ಮ ಕಡೆ ಒತ್ತಿ ಹೇಳುವ ರೂಢಿ ಇದೆ. ಹೊರದೇಶದವರಿಗೆ ಅದು ಅರ್ಥವಾಗುವುದಿಲ್ಲ, ಅಥವಾ ಗದರಿದಂತೆ ಕೇಳಿಸುತ್ತದೆ. ‘ಪ್ಲೀಸ್ ರಿಮೆಂಬರ್’ ಎನ್ನಿ.

‘ಡು ಯು ಮೈಂಡ್!’ ಎಂದು ಪ್ರಶ್ನೆಯಂತೆ ರಾಗ ಏರಿಸದೆ, ಗಟ್ಟಿಯಾಗಿ ಹೇಳಿ, ಅಷ್ಟಕ್ಕೇ ನಿಲ್ಲಿಸಿದರೆ ಅದು ಪ್ರಶ್ನೆಯಲ್ಲ. ಸಾಲಿನಲ್ಲಿ ಯಾರೋ ನುಗ್ಗಿದ್ದಾರೆ, ಕೋಣೆಗೆ ಬಾಗಿಲು ತಟ್ಟದೆ ಯಾರೋ ಬಂದಿದ್ದಾರೆ. ಉತ್ತರ ‘ಸಾರಿ’ ಒಂದೇ.

‘ಇಫ್ ಯು ಡೋಂಟ್ ಮೈಂಡ್’ ಮಾತಿನ ಮೊದಲು ಬಂದರೆ ನಯ. ಕೊನೆಯಲ್ಲಿ ಬಿಗಿದ ದನಿಯಲ್ಲಿ ಬಂದರೆ ಅಸಮಾಧಾನ. ದನಿಯನ್ನು ಕೇಳಿ, ಪದವನ್ನಲ್ಲ.

‘ಮೈಂಡ್’ಗೆ ಮೊದಲು ‘ಮೈ’, ‘ಯುವರ್’, ‘ಹಿಸ್’ ಇದ್ದರೆ ಅದು ನಾಮಪದ, ‘ಮನಸ್ಸು’ ಎಂದು ಹಾಕಿಕೊಂಡರೆ ಮುಗಿಯಿತು. ‘ಚೇಂಜ್ಡ್ ಮೈ ಮೈಂಡ್’ ಮನಸ್ಸು ಬದಲಾಯಿತು, ‘ಮೇಕ್ ಅಪ್ ಯುವರ್ ಮೈಂಡ್’ ಮನಸ್ಸು ಗಟ್ಟಿಮಾಡು, ‘ಸ್ಲಿಪ್ಡ್ ಮೈ ಮೈಂಡ್’ ಮರೆತೇಹೋಯಿತು. ಮುಂಗಡ ಕೊಟ್ಟ ಅತಿಥಿ ಮೊದಲನೆಯದನ್ನು ಹೇಳಿದರೆ ಬುಕ್ಕಿಂಗ್ ರದ್ದಾಗುತ್ತಿದೆ ಎಂದು ತಿಳಿಯಿರಿ.

ಹಂತ 8: ಬಾಯಿ ಪಳಗಿಸಿ

ಸಂಗಾತಿಯನ್ನು ಎದುರಿಗೆ ಕೂರಿಸಿಕೊಳ್ಳಿ. ಅವರು ‘ಡು ಯು ಮೈಂಡ್ ಇಫ್ ಐ...’ ಎಂದು ಶುರುಮಾಡಿ ಹತ್ತು ಬೇರೆ ಬೇರೆ ಕೆಲಸ ಕೇಳಲಿ: ಕೂರುವುದು, ಫೋಟೋ ತೆಗೆಯುವುದು, ಸಿಗರೇಟು ಹಚ್ಚುವುದು, ನಾಯಿಗೆ ಬಿಸ್ಕತ್ತು ಹಾಕುವುದು, ಕಾಫಿ ಗಿಡದಿಂದ ಹಣ್ಣು ಕೀಳುವುದು. ಐದಕ್ಕೆ ಒಪ್ಪಿ, ಐದಕ್ಕೆ ಒಪ್ಪಬೇಡಿ. ಉತ್ತರವನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿಸಿಕೊಳ್ಳಿ. ಮೊದಲ ದಿನ ಮನಸ್ಸಿನಲ್ಲಿ ‘ಅಡ್ಡಿಯೇ?’ ಎಂದು ಹೊರಳಿಸಿಕೊಳ್ಳಲು ಕ್ಷಣಕಾಲ ಬೇಕಾಗುತ್ತದೆ. ಆ ಕ್ಷಣವನ್ನು ತೆಗೆದುಕೊಳ್ಳಿ, ತಡವಾದ ಸರಿ ಉತ್ತರಕ್ಕೆ ಯಾರೂ ಬೇಸರಿಸುವುದಿಲ್ಲ.

ಇಷ್ಟಾದರೂ ಒಂದು ದಿನ ಬಾಯಿತಪ್ಪಿ ‘ಯೆಸ್’ ಬಂದೇ ಬರುತ್ತದೆ. ಎದುರಿನವರ ಮುಖ ಸಣ್ಣದಾಗುವುದು, ಅವರು ಒಂದು ಹೆಜ್ಜೆ ಹಿಂದೆ ಸರಿಯುವುದು ಕಂಡ ಕೂಡಲೇ ‘ಸಾರಿ, ಐ ಮೀನ್, ಪ್ಲೀಸ್ ಸಿಟ್’ ಎಂದು ಹೇಳಿ, ಎದ್ದು ನಿಂತು, ಕಿಟಕಿಯ ಪಕ್ಕದ ಸೀಟನ್ನು ಅವರಿಗೆ ಬಿಟ್ಟುಕೊಡಿ.